ಒಡೆದ ಮೂತಿಗಳ ಡಬ್ಬಿ

ನಮ್ಮದು ಹನ್ನೊಂದು ಜನರ ಕಾರ್ಖಾನೆ. ಕಂಪ್ಯೂಟರಿನ ಚಿಪ್ ಎತ್ತಿಡುವ ಯಂತ್ರದ ತುದಿಗೆ ಸಾಸಿವೆಗಿಂತ ಸಣ್ಣ ಪಿಂಗಾಣಿ ಮೂತಿ ಇರುತ್ತದೆ. ನಾವು ಮಾಡುವುದು ಅದನ್ನೇ. ಗಿರಾಕಿಗಳ ಜೊತೆ ಮಾತು ನನ್ನ ತಮ್ಮನದು, ಕುಲುಮೆ ನನ್ನದು. ಮೂತಿಯನ್ನು ಎಷ್ಟು ಕಾವಿನಲ್ಲಿ ಸುಡಬೇಕು, ಎಷ್ಟು ಹೊತ್ತು ತಣಿಸಬೇಕು ಎನ್ನುವುದು ನನ್ನೊಬ್ಬಳಿಗೇ ಗೊತ್ತು. ಹನ್ನೊಂದು ಮನೆಗಳ ಅನ್ನ ಆ ಗುಟ್ಟಿನ ಮೇಲೆ ನಿಂತಿದೆ.

ಹೊರದೇಶದ ದೊಡ್ಡ ಕಂಪನಿಯೊಂದು ಸಣ್ಣವರನ್ನು ಪಾಲುದಾರಿಕೆಗೆ ಕರೆದಾಗ ತಮ್ಮನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅವರ ಕಡೆಯಿಂದ ಇಬ್ಬರು ಇಂಜಿನಿಯರುಗಳು ಬಂದರು. ಕುಲುಮೆಯ ಕೋಣೆಗೆ ನಾನು ಬಿಡಲಿಲ್ಲ. ಅವರು ಬೇಸರಪಡಲೂ ಇಲ್ಲ, ಅದೇ ನನಗೆ ಹಿಡಿಸಲಿಲ್ಲ. ನಮ್ಮ ಒಳ್ಳೊಳ್ಳೆಯ ಮೂತಿಗಳ ಮೇಲೆ ಸುಮ್ಮನೆ ಕಣ್ಣಾಡಿಸಿ, ಒಡೆದದ್ದು, ಸೊಟ್ಟಗಾದದ್ದು ಏನಾದರೂ ಇಟ್ಟಿದ್ದೀರಾ ಎಂದು ನಯವಾಗಿ ಕೇಳಿದರು.

ಇಟ್ಟಿದ್ದೆ. ಒಂಬತ್ತು ವರ್ಷದ್ದು, ತಾರೀಖು ಬರೆದ ಡಬ್ಬಿಗಳಲ್ಲಿ. ಗುಣಮಟ್ಟದ ಅಧ್ಯಯನಕ್ಕೆಂದು ತಮ್ಮರಾಯ ಅಷ್ಟನ್ನೂ ಕಳಿಸಿಕೊಟ್ಟದ್ದು ನನಗೆ ತಿಳಿದದ್ದು ಕಪಾಟು ಖಾಲಿಯಾದ ಮೇಲೆ.

“ಕಸ ಅಕ್ಕಾ, ಬರೀ ಕಸ. ಒಳ್ಳೇದು ಒಂದೂ ಕೊಟ್ಟಿಲ್ಲ,” ಅಂದ.

“ಒಳ್ಳೇದು ಕೊಟ್ಟಿದ್ರೆ ಪರವಾಗಿರ್ಲಿಲ್ಲ ಕಣೋ. ಅದು ಬಾಯಿ ಬಿಡಲ್ಲ.”

ಅವನ ತಲೆಗೆ ಹೋಗಲಿಲ್ಲ. ಮೂತಿ ಎಲ್ಲಿಂದ ಬಿರಿದಿದೆ ಎಂದು ನೋಡಿದರೆ ಕಾವು ಎಷ್ಟಿತ್ತೆಂದು ಗೊತ್ತಾಗುತ್ತದೆ. ಮುಂದಿನ ತಾರೀಖಿನದನ್ನು ನೋಡಿದರೆ ನಾನು ಎಷ್ಟು ಇಳಿಸಿದೆನೆಂದು. ಹಾಗೇ ಒಂದೊಂದೇ ಡಬ್ಬಿ ಹಿಡಿದು ಬಂದರೆ ಸೀದಾ ನನ್ನ ಕುಲುಮೆಯ ಬಾಗಿಲು. ನನಗೆ ಭಯವಾಯಿತು. ತಮ್ಮನ ತಲೆ ತಿಂದು, ವಾರಕ್ಕೊಂದು ಪತ್ರ ಬರೆಸಿ, ಡಬ್ಬಿಗಳನ್ನು ವಾಪಸು ಕೇಳಿಸಿದೆ. ಪ್ರತಿ ಸಲವೂ ಧನ್ಯವಾದ ಬರುತ್ತಿತ್ತು, ಡಬ್ಬಿ ಬರುತ್ತಿರಲಿಲ್ಲ.

ಮೂರನೆಯ ತಿಂಗಳು ಅವರ ವರದಿ ಬಂತು. ಊಟದ ಮೇಜಿನ ಮೇಲೆ ಹರಡಿಕೊಂಡು ಓದುತ್ತಾ ತಮ್ಮ ಉಬ್ಬಿಹೋದ. ನಮ್ಮ ಕೆಲಸವನ್ನು ಇಷ್ಟು ಚೆನ್ನಾಗಿ ಅರ್ಥ ಮಾಡಿಕೊಂಡವರು ಇದುವರೆಗೆ ಯಾರೂ ಇರಲಿಲ್ಲವಂತೆ. ಕೊನೆಯ ಪುಟವನ್ನು ನನ್ನ ಕಡೆ ತಳ್ಳಿದ. ಅದರಲ್ಲಿ ಎರಡೇ ಅಂಕಿ: ಕಾವು ಎಷ್ಟು, ತಣಿಸಲು ಎಷ್ಟು ಗಂಟೆ. ನಾನು ಎಲ್ಲೂ ಬರೆದಿಡದ, ಒಡಹುಟ್ಟಿದವನಿಗೂ ಹೇಳದ ಅಂಕಿಗಳು. ಒಂದು ಡಿಗ್ರಿಯೂ ಆಚೀಚೆ ಇರಲಿಲ್ಲ.

ಅದರ ಕೆಳಗೆ ಒಂದೇ ಸಾಲು ಇತ್ತು. ಇದು ಸರಿಯಿದ್ದರೆ ತಾವು ಉತ್ತರಿಸುವ ಅಗತ್ಯವಿಲ್ಲ.

ನಾನು ಆ ಪುಟವನ್ನು ಮಗುಚಿಟ್ಟೆ. ತಮ್ಮ ಆಗಲೇ ಕ್ಯಾಲೆಂಡರ್ ತಿರುವುತ್ತಿದ್ದ.

“ಒಪ್ಪಂದಕ್ಕೆ ಸಹಿ ಹಾಕೋಕೆ ಯಾವತ್ತು ಬರ್ತಾರೆ ಅಂತ ಬರೆದಿದ್ದಾರಾ ಅಕ್ಕಾ?”

“ಇನ್ನು ಯಾಕೋ ಬರ್ತಾರೆ?” ಅಂದೆ.