ಪರಪ್ಪನ ಜಾಗ

ಮುಂಬಯಿಯ ಧಾರಾವಿಯ ಚರ್ಮದ ಕಾರ್ಖಾನೆಗಳ ಹಿಂದಿನ ಓಣಿಯಲ್ಲಿ, ಒಂದು ಬಾಡಿಗೆ ಖೋಲಿಯೊಳಗೆ ಕನ್ನಡ ಕ್ರೈಸ್ತರ ಸಭೆ ಸೇರುತ್ತಿತ್ತು. ಹೆಚ್ಚಿನವರು ಬೆಳಗಾವಿ, ಧಾರವಾಡದ ಕಡೆಯಿಂದ ಕೆಲಸ ಹುಡುಕಿ ಬಂದವರು. ಅವರಿಗೆ ಕೀರ್ತನೆ ಹೇಳಿಕೊಡುತ್ತಿದ್ದವಳು ಶರಣವ್ವ. ಗಂಡ ಸತ್ತ ಮೇಲೆ ರೊಟ್ಟಿ ಬಡಿದು ಮಾರಿ ಬದುಕಿದವಳು. ಧ್ವನಿ ದೊಡ್ಡದು, ಹಟ ಅದಕ್ಕಿಂತ ದೊಡ್ಡದು.

ಅವಳ ತಮ್ಮ ಪರಪ್ಪ ಸಭೆಯ ಹಾರ್ಮೋನಿಯಂ ಪೇಟಿ ಕದ್ದು ಮಾರಿ ಕುಡಿದಿದ್ದ. ಆಮೇಲೆ ಆಂಟಾಪ್ ಹಿಲ್ ಕಡೆಯ ಜವುಗಿನಲ್ಲಿ ಕಳ್ಳಭಟ್ಟಿ ಕಾಯಿಸುವವರ ಜೊತೆ ಸೇರಿ, ಪೊಲೀಸರ ಕೈಗೆ ಸಿಕ್ಕು ಜೈಲಿಗೂ ಹೋದ. ಬಿಡುಗಡೆಯಾದ ಮೇಲೆ ಒಂದು ಭಾನುವಾರ ಸಭೆಗೆ ಬಂದು, ಬಾಗಿಲ ಬಳಿ ಚಾಪೆಯ ತುದಿಗೆ ಕೂತ.

ಸಭೆಯ ಹಿರಿಯ ದಾನಪ್ಪ ಪ್ರಾರ್ಥನೆ ನಿಲ್ಲಿಸಿದ. "ಮೊದಲ ಪೇಟಿ ತಂದ ಇಡು. ಆಮ್ಯಾಲೆ ಕೂಡು."

ಶರಣವ್ವ ಎದ್ದಳು. "ದಾನಪ್ಪಣ್ಣಾ, ಯೇಸುಸ್ವಾಮಿ ಬಾಜೂಕ ಶಿಲುಬಿ ಮ್ಯಾಲಿದ್ದ ಕಳ್ಳ ಏನ ತಿರುಗಿ ಕೊಟ್ಟಿದ್ದ?"

"ಅವ ಪಶ್ಚಾತ್ತಾಪ ಪಟ್ಟಿದ್ದ. ಇವನ ಮಾರಿ ನೋಡು."

ಪರಪ್ಪ ಎದ್ದು ನಕ್ಕ. "ಜೇಲಿನ್ಯಾಗ ಕೂಡಾಕರ ಜಾಗಾ ಇತ್ತು. ಅಕ್ಕಾ, ನನ್ನ ಬೆನ್ನ ಹತ್ತಬ್ಯಾಡ ಅಂತ ನಿನ್ನ ದೇವರಿಗೆ ಹೇಳು."

ಅವನು ಹೊರಟುಹೋದ. ಹಿಂದೆಯೇ ಹೊರಬಂದ ಶರಣವ್ವ ಮತ್ತೆ ಒಳಗೆ ಹೋಗಲಿಲ್ಲ. ಗಟಾರದ ಪಕ್ಕದ ಕಲ್ಲಿನ ಮೇಲೆ ಕೂತು ಅಲ್ಲಿಂದಲೇ ಹಾಡಿದಳು. ಮುಂದಿನ ಭಾನುವಾರವೂ ಅಲ್ಲೇ. ದಾನಪ್ಪ ಕರೆದರೆ, "ನನ್ನ ತಮ್ಮಗ ಇಲ್ಲದ ಜಾಗಾ ನನಗೂ ಬ್ಯಾಡ," ಎಂದಳು.

ಪರಪ್ಪ ಮತ್ತೆ ಜವುಗಿನ ಭಟ್ಟಿಯವರನ್ನೇ ಸೇರಿದ್ದ. ಆಗಾಗ ಶರಣವ್ವ ರೊಟ್ಟಿ ಕಟ್ಟಿಕೊಂಡು ಅಲ್ಲಿಯವರೆಗೂ ನಡೆದು ಹೋಗುತ್ತಿದ್ದಳು. ಪರಪ್ಪ ಅವಳ ಮುಖ ನೋಡದೆ ತಿನ್ನುತ್ತಿದ್ದ.

"ಮತ್ತ ಬರಬ್ಯಾಡ."

"ಬರತೇನಿ."

ಮಳೆಗಾಲ ಹಿಡಿಯಿತು. ಒಂದು ಭಾನುವಾರ ದಾನಪ್ಪನ ಹೆಂಡತಿ ರುದ್ರವ್ವ ಎಲ್ಲರ ಎದುರೇ ಎದ್ದು ಬಂದು ಶರಣವ್ವನ ಪಕ್ಕ ನೆನೆಯುತ್ತ ಕೂತಳು. ಗಂಡನಿಗೆ ಕೇಳುವಂತೆ ಹೇಳಿದಳು: "ನನ್ನ ಮಗಾನೂ ಮನಿ ಬಿಟ್ಟ ಹೋಗ್ಯಾನ. ನಾಳೆ ಅವ ಬಂದರ, ಇವನ್ನ ಹೊರಗ ಹಾಕಿದ ಬಾಯಿಲೆ ಹೆಂಗ ಒಳಗ ಕರೀತೀರಿ?"

ಕರ್ತನ ಭೋಜನದ ರೊಟ್ಟಿ, ದ್ರಾಕ್ಷಾರಸ ಕೊಡಲು ಫೋರ್ಟ್ ಕಡೆಯ ಚರ್ಚಿನಿಂದ ಪಾದ್ರಿ ಬಂದ ದಿನ ಪರಪ್ಪ ತೂರಾಡುತ್ತ ಓಣಿಗೆ ಬಂದ.

ದಾನಪ್ಪ ಬಾಗಿಲಿಗೆ ಅಡ್ಡ ನಿಂತ. "ಕುಡದ ಬಂದಾನ. ವಾಸನಿ ಹೊಡ್ಯಾಕತ್ತೈತಿ."

"ಧಾರಾವ್ಯಾಗ ಯಾರ ಮೈ ನಾರಂಗಿಲ್ಲ?" ಎಂದಳು ಶರಣವ್ವ. ಒಳಗೆ ಚರ್ಮ ಹದ ಮಾಡುವವರು ಯಾರೋ ನಕ್ಕರು.

ಪರಪ್ಪ ಗೋಡೆ ಹಿಡಿದು ನಿಂತ. "ಬಿಟ್ಟೇನಿ ಅಂತ ಸುಳ್ಳ ಹೇಳಂಗಿಲ್ಲ. ನಾಳೆ ಮತ್ತ ಕುಡೀತೇನಿ."

"ಮತ್ತ ಯಾಕ ಬಂದಿ?" ಎಂದ ದಾನಪ್ಪ.

"ಬ್ಯಾರೆ ಎಲ್ಲಿ ಹೋಗಲಿ?" ಎಂದ ಪರಪ್ಪ.

"ನಾಳೆ ಕುಡದರ ನಾಡಿದ್ದ ಬಾ," ಎಂದಳು ಶರಣವ್ವ. "ದೇವರಿಗೆ ಬ್ಯಾಸರಾಗಂಗಿಲ್ಲ. ಆಗೂದೆಲ್ಲಾ ನಮಗ."

ದಾನಪ್ಪ ಹೊರಗೆ ಕೂತ ಹೆಂಡತಿಯನ್ನು ನೋಡಿದ. ಅವಳು ಅವನ ಮೇಲಿಂದ ಕಣ್ಣು ತೆಗೆಯಲಿಲ್ಲ. ಅವನೇ ಮೆಟ್ಟಿಲಿಳಿದು ಪರಪ್ಪನ ರಟ್ಟೆ ಹಿಡಿದು ಒಳಗೆ ಕರೆತಂದ. ಹೆಂಗಸರಿಬ್ಬರೂ ಹಿಂದೆ ಬಂದರು. ಪಾದ್ರಿ ಅಂದು ಅವನಿಗೆ ಭೋಜನ ಕೊಡಲಿಲ್ಲ. ತಲೆಯ ಮೇಲೆ ಕೈಯಿಟ್ಟು, "ಎಚ್ಚರಿದ್ದಾಗ ಬಾ, ಕಾಯ್ತೇನಿ," ಎಂದರು. ಪರಪ್ಪ ಮೊಣಕಾಲಿಗೆ ಮುಖ ಹಚ್ಚಿ ಅತ್ತ.

ಹೇಳಿದಂತೆಯೇ ಮರುದಿನ ಕುಡಿದ. ತಿರುಗಿಯೂ ಬಂದ. ಅವನು ಕುಡಿತ ಬಿಡಲು ವರ್ಷಗಳೇ ಹಿಡಿದವು. ಅಷ್ಟೂ ಕಾಲ ಶರಣವ್ವ ಬಾಗಿಲಿಗೆ ಎದುರಾಗಿಯೇ ಕೂತು ಹಾಡಿಸಿದಳು. ಯಾರಾದರೂ ಅವನನ್ನು ತಡೆದರೆ, ಚರಣದ ನಡುವೆಯೇ ಹಾಡು ನಿಲ್ಲುತ್ತಿತ್ತು. ಅವನು ಕೂತ ಮೇಲೆಯೇ ಮುಂದುವರಿಯುತ್ತಿತ್ತು.