ಬಲಬದಿಯ ಕನ್ನಡಿ

"ಅದನ್ನ ಇಳಿಸಿ," ಎಂದರು ನೀಲಗಂಗಮ್ಮ.

ಮನೆ ಮುಂದಿನ ಕರೆಂಟ್ ಕಂಬಕ್ಕೆ ಫ್ಲೆಕ್ಸ್ ಕಟ್ಟುತ್ತಿದ್ದ ಇಬ್ಬರು ಹಗ್ಗ ಹಿಡಿದುಕೊಂಡೇ ನಿಂತುಬಿಟ್ಟರು. 'ಲಿಂಗೈಕ್ಯ ಶ್ರೀ ವಿಶ್ವಾರಾಧ್ಯ' ಎಂಬ ಅಕ್ಷರಗಳ ಕೆಳಗೆ ಆಧಾರ್ ಕಾರ್ಡಿನಿಂದ ಎತ್ತಿ ದೊಡ್ಡದು ಮಾಡಿದ ಮುಖವಿತ್ತು. ಆಧಾರ್ ಫೋಟೋದಲ್ಲಿ ಯಾರೂ ಚೆನ್ನಾಗಿ ಕಾಣುವುದಿಲ್ಲ, ನಿಜ. ಆದರೆ ಇದರಲ್ಲಿ ವಿಶ್ವಾರಾಧ್ಯರು ಏನೋ ಕದ್ದು ಸಿಕ್ಕಿಬಿದ್ದವರ ಹಾಗಿದ್ದರು.

"ಬೇರೆ ಇಲ್ಲಮ್ಮ," ಎಂದಳು ಮಗಳು ಹೇಮಶ್ರೀ. "ಫೋನ್ ಪೂರ್ತಿ ಹುಡುಕ್ದೆ. ಎಲ್ಲಾದ್ರಲ್ಲೂ ಮುಖಕ್ಕೆ ಕ್ಯಾಮೆರಾ ಹಿಡ್ಕೊಂಡಿದಾರೆ. ನನ್ನ ಮದ್ವೆ ಆಲ್ಬಮಲ್ಲೂ ಅಷ್ಟೇ."

ಸರ್ವೆ ಇಲಾಖೆಯಿಂದ ನಿವೃತ್ತರಾದ ವಿಶ್ವಾರಾಧ್ಯರು ಮೂವತ್ತು ವರ್ಷ ಚಂದ್ರಾ ಲೇಔಟಿನ ಆ ಕ್ರಾಸಿನವರ ಮುಖಗಳನ್ನೆಲ್ಲ ತೆಗೆದಿದ್ದರು. ಯಾರ ಮನೆಯಲ್ಲಿ ಸಾವಾದರೂ ಮೊದಲು ಬರುತ್ತಿದ್ದದ್ದು ಇವರ ಹತ್ತಿರ. "ಸಾರ್, ನಮ್ಮ ಅಜ್ಜಿದು ಒಂದು ಒಳ್ಳೇ ಫೋಟೋ ಇತ್ತಲ್ಲ." ಇರುತ್ತಿತ್ತು. ಇವತ್ತು ಬೆಳಿಗ್ಗೆ ಹಾಲಿನ ಪ್ಯಾಕೆಟ್ ಹಿಡಿದು ಗೇಟು ತೆಗೆಯುತ್ತಿದ್ದವರು ಅಲ್ಲೇ ಕುಸಿದರು. ಪ್ಯಾಕೆಟ್ ಕೂಡ ಒಡೆದಿರಲಿಲ್ಲ. ಇಂಥ ಮನುಷ್ಯನ ಮುಖವೇ ಈಗ ಯಾರ ಹತ್ತಿರವೂ ಇಲ್ಲ.

ಒಳಗೆ ನಡುಮನೆಯಲ್ಲಿ ಅವರನ್ನು ಪದ್ಮಾಸನ ಹಾಕಿಸಿ ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆತುಂಬ ವಿಭೂತಿ, ಅಂಗೈಯಲ್ಲಿ ಇಷ್ಟಲಿಂಗ. ಬೆಳಕಿಂಡಿ ಹವ್ಯಾಸಿ ಛಾಯಾಗ್ರಾಹಕರ ಕೂಟದ ಕಾರ್ಯದರ್ಶಿ ಅಮರೇಶ ಬಾಗಿಲಲ್ಲೇ ನಿಂತಿದ್ದ. ಹೆಗಲಿಗೆ ಅಭ್ಯಾಸಬಲದಿಂದ ಕ್ಯಾಮೆರಾ ಚೀಲವೂ ಬಂದಿತ್ತು. ನಿನ್ನೆ ಸಂಜೆ ತನ್ನ ಜೊತೆ ಕಾಫಿ ಕುಡಿದ ಮನುಷ್ಯ. ಅಲುಗಾಡದೆ, ತಪ್ಪಿಸಿಕೊಳ್ಳದೆ, ಹೀಗೆ ನೇರವಾಗಿ ಕೂತದ್ದನ್ನು ಅವನು ಇದೇ ಮೊದಲು ನೋಡಿದ್ದು.

ಯಾರೋ ನೆಂಟರು ಮೊಬೈಲ್ ಎತ್ತಿದರು.

"ಬೇಡ," ಎಂದರು ನೀಲಗಂಗಮ್ಮ. "ಹೀಗೆ ತೆಗೀಬೇಡಿ." ಆಮೇಲೆ ಅಮರೇಶನ ಕಡೆ ತಿರುಗಿದರು. "ನಿಮ್ಮ ಹತ್ರ ಇದೆಯಲ್ಲ, ನಾವಿಬ್ರೂ ಇರೋ ಫೋಟೋ. ಹರಾಜು ಭಾನುವಾರ ತಾನೇ? ಇವತ್ತೊಂದಿನ ತಂದ್ಕೊಡಿ. ಅವರು ನಕ್ಕಿರೋದು ಅದೊಂದ್ರಲ್ಲೇ."

ನಾವಿಬ್ರೂ? ಅಮರೇಶನಿಗೆ ಅರ್ಥವಾಗಲಿಲ್ಲ. ಅವನಿಗೆ ಗೊತ್ತಿದ್ದ ಫೋಟೋದಲ್ಲಿ ಇದ್ದದ್ದು ಒಬ್ಬರೇ.

"ನಿನ್ನೆ ಇವರು ನಿಮ್ಮ ಕೂಟದ ಹಾಲಲ್ಲಿ ನೋಡ್ಕೊಂಡು ಬಂದ್ರಲ್ಲ," ಎಂದರು ಅವರು. "ಫ್ರೇಮ್ ಹೇಗಿದೆ ಅಂತ ಕೇಳ್ದೆ. 'ಇಬ್ರೂ ಚೆನ್ನಾಗಿ ಕಾಣ್ತೀವಿ ಕಣೇ' ಅಂದ್ರು."

ಅಮರೇಶ ಹೊರಗೆ ಬಂದು ಹೊಸಹಳ್ಳಿಗೆ ಆಟೋ ಹಿಡಿದ.

*

ಬಡವರ ಕಣ್ಣಿನ ಆಪರೇಷನ್ನಿಗೆ ಹಣ ಕೂಡಿಸಲು ಫೋಟೋ ಹರಾಜು ಮಾಡೋಣ ಎಂದವನು ಅಮರೇಶನೇ. "ಬೀರುವಲ್ಲಿ ಧೂಳು ತಿನ್ನೋ ಫೋಟೋಗಳನ್ನ ಕೊಡ್ರಪ್ಪಾ" ಎಂದು ಎರಡು ತಿಂಗಳು ಸದಸ್ಯರ ಮನೆಮನೆ ತಿರುಗಿದ್ದ. ಕೇಳಿದವರೆಲ್ಲ ಮಿಂಚುಳ್ಳಿ ಹಕ್ಕಿಯ ಫೋಟೋ ಕೊಟ್ಟರು. ಹದಿನಾಲ್ಕು ಮಿಂಚುಳ್ಳಿ ಬಂದ ಮೇಲೆ ಅವನಿಗೇ ಸುಸ್ತಾಯಿತು. ಮನುಷ್ಯರ ಮುಖ ಬೇಕು ಎಂದು ವಿಶ್ವಾರಾಧ್ಯರ ಮನೆಗೆ ಬಂದಿದ್ದ.

"ನನ್ನದೇನಿದೆ ಮಾರಾಯ? ಎಲ್ಲಾ ಬೀದಿ ಮುಖ," ಎಂದು ಅವರು ಕೈಯಾಡಿಸಿದ್ದರು.

ನೀಲಗಂಗಮ್ಮನೇ ಒಳಗಿನಿಂದ ಒಂದು ದೊಡ್ಡ ಕಪ್ಪುಬಿಳುಪು ಪ್ರಿಂಟ್ ತಂದಿದ್ದರು. ರೀಲಿನ ಕಾಲದ್ದು. "ಇದನ್ನ ಕೊಡಿ. ಒಂದ್ಸಲನಾದ್ರೂ ಜನ ನಿಮ್ಮ ಮುಖ ನೋಡ್ಲಿ." ಆ ಹೊತ್ತಿಗೆ ಅಮರೇಶ ಫೋನಿನಲ್ಲಿ ಹದಿನೈದನೇ ಮಿಂಚುಳ್ಳಿಯಿಂದ ತಪ್ಪಿಸಿಕೊಳ್ಳುತ್ತಿದ್ದ; ಆ ಮಾತು ಅವನಿಗೆ ಕೇಳಿಸಲಿಲ್ಲ.

ಹರಾಜಿಗೆ ಅವನೊಂದು ನಿಯಮ ಮಾಡಿದ್ದ. ಕೊಟ್ಟ ಪ್ರತಿ ಒಂದೇ ಇರಬೇಕು. ಫೈಲಾದರೆ ಅಳಿಸಬೇಕು, ನೆಗೆಟಿವ್ ಆದರೆ ಕತ್ತರಿಸಬೇಕು, ಕೊಂಡವರಿಗೆ ಅದರ ಬೆಲೆ ಗೊತ್ತಾಗಬೇಕು. ವಿಶ್ವಾರಾಧ್ಯರು ಹೆಂಡತಿಯ ಮುಖ ನೋಡಿದರು. ನೀಲಗಂಗಮ್ಮ ಹೊಲಿಗೆ ಪೆಟ್ಟಿಗೆಯಿಂದ ಕತ್ತರಿ ತೆಗೆದುಕೊಟ್ಟು, ಅವರಿಗಷ್ಟೇ ಕೇಳುವಂತೆ ಹೇಳಿದರು.

"ಕೊಡಿ ಪರವಾಗಿಲ್ಲ. ಯಾರಿಗೋ ಕಣ್ಣು ಬರುತ್ತೆ. ನಿಮ್ಮನ್ನ ನೋಡೋಕೆ ನಂಗೆ ಫೋಟೋ ಯಾಕೆ, ನೀವೇ ಇದೀರಲ್ಲ."

*

ಹೊಸಹಳ್ಳಿಯ ಸಭಾಂಗಣದಲ್ಲಿ ಕೂಟದ ಅಧ್ಯಕ್ಷ ವೆಂಕಟಗಿರಿ ಫ್ರೇಮನ್ನು ಗೋಡೆಯಿಂದ ಇಳಿಸಿ ಮೇಜಿನ ಮೇಲಿಟ್ಟರು. ಕಬ್ಬಿಣದ ಬೀರುವಿನ ಮುಂದೆ ಯುವತಿ ನೀಲಗಂಗಮ್ಮ ಹೂ ಮುಡಿಯುತ್ತ, ಬಲಕ್ಕೆ ತಿರುಗಿ, ಬಾಯಿತುಂಬ ನಗುತ್ತಿದ್ದರು. ಬಲಕ್ಕೆ ಏನೂ ಇರಲಿಲ್ಲ. ಫ್ರೇಮಿನ ಬಿಳಿ ರಟ್ಟು, ಅಷ್ಟೇ.

"ಅಲ್ಲಿ ಬೀರುವಿನ ಕನ್ನಡಿ ಇತ್ತು," ಎಂದ ಅಮರೇಶ. "ಅದ್ರಲ್ಲಿ ಫೋಟೋ ತೆಗಿಯೋನ ಪ್ರತಿಬಿಂಬ ಬಿದ್ದಿತ್ತು. ನಾನು ಫ್ರೇಮ್ ಅಂಗಡೀಲಿ ಕೂತು ಬ್ಲೇಡಲ್ಲಿ ಮೂರಿಂಚು ತೆಗೆದೆ."

ವೆಂಕಟಗಿರಿ ತಲೆಯಾಡಿಸಿದರು. ಅವರಾಗಿದ್ದರೂ ತೆಗೆಯುತ್ತಿದ್ದರು. ಕೂಟಕ್ಕೆ ಸೇರಿದ ಯಾರಿಗಾದರೂ ಮೊದಲ ದಿನ ಕಲಿಸುವುದು ಅದನ್ನೇ: ತೆಗೆಯುವವನು ಚಿತ್ರದಲ್ಲಿ ಕಾಣಬಾರದು. ಕಂಡರೆ ತಪ್ಪು. ಸ್ಪರ್ಧೆಯಲ್ಲಿ ಅಂಕ ಹೋಗುತ್ತದೆ. ಅಮರೇಶ ಆ ಕನ್ನಡಿಯಲ್ಲಿ ಕಂಡದ್ದು ಒಂದು ತಪ್ಪನ್ನು. ಅದು ಯಾರ ಮುಖ, ನಗುತ್ತಿತ್ತೇ ಎಂದು ನೋಡಿರಲೇ ಇಲ್ಲ.

"ಆ ತುಂಡು?"

"ಅಂಗಡಿ ಕಸಕ್ಕೆ ಹಾಕ್ದೆ. ಹತ್ತು ದಿನ ಆಯ್ತು."

ನಿನ್ನೆ ಸಂಜೆ ವಿಶ್ವಾರಾಧ್ಯರು ಇದೇ ಗೋಡೆಯ ಮುಂದೆ ಬಹಳ ಹೊತ್ತು ನಿಂತಿದ್ದರು. ಬಲಬದಿಯ ರಟ್ಟಿನ ಮೇಲೆ, ಗಾಜಿಗೆ ಬೆರಳು ತಾಗಿಸಿದ್ದರು. ಆಮೇಲೆ, "ಕಟಿಂಗ್ ನೀಟಾಗಿದೆ ಅಮರೇಶ್. ಬಾ, ಕಾಫಿ ಕುಡಿಯೋಣ," ಎಂದಿದ್ದರು. ಅಮರೇಶ ಅದನ್ನು ಹೊಗಳಿಕೆ ಎಂದುಕೊಂಡು ಕಾಫಿ ಕುಡಿದಿದ್ದ.

"ನೋಡು, ಈ ಹೊತ್ತಲ್ಲಿ ಆ ಹೆಂಗಸಿಗೆ ಇದನ್ನ ತೋರಿಸ್ಬೇಡ," ಎಂದರು ವೆಂಕಟಗಿರಿ. "ಯಾರೋ ಮುಂಚೇನೇ ಕೊಂಡ್ಕೊಂಡು ಹೋದ್ರು ಅನ್ನು. ನಾನೂ ಹಾಗೇ ಹೇಳ್ತೀನಿ. ಅವರೇ ಹೆಂಡ್ತಿಗೆ ಹೇಳಿಲ್ಲ ಅಂದ್ಮೇಲೆ ನೀನು ಯಾಕೆ ಹೇಳ್ಬೇಕು?"

ಮಾತು ಸರಿಯಾಗಿಯೇ ಇತ್ತು. ಅಮರೇಶ ಫ್ರೇಮನ್ನು ಮೇಜಿಗೆ ಹಾಸಿದ್ದ ಪಂಚೆಯಲ್ಲಿ ಸುತ್ತಿ ಎತ್ತಿಕೊಂಡ. ಎತ್ತಿಕೊಂಡದ್ದು ಯಾಕೆ ಎಂದು ಆಟೋದಲ್ಲಿ ಕೂತ ಮೇಲೂ ಅವನಿಗೆ ಗೊತ್ತಿರಲಿಲ್ಲ.

*

ಹೊರಗೆ ಅವರನ್ನು ಕೂರಿಸಿ ಒಯ್ಯುವ ಹೂವಿನ ವಿಮಾನ ಸಿದ್ಧವಾಗಿತ್ತು. ಕ್ರಿಯೆ ಮಾಡಿಸಲು ಬಂದಿದ್ದ ಅಯ್ಯನವರು ಗಡಿಯಾರ ನೋಡುತ್ತಿದ್ದರು. ಅಮರೇಶ ಪಂಚೆ ಬಿಚ್ಚಿದ.

ನೀಲಗಂಗಮ್ಮ ಮೊದಲು ತಮ್ಮನ್ನು ನೋಡಿದರು. ಆಮೇಲೆ ಕಣ್ಣು ಬಲಕ್ಕೆ ಹೋಯಿತು. ಮತ್ತೆ ಎಡಕ್ಕೆ ಬಂದು ಮತ್ತೆ ಬಲಕ್ಕೆ ಹೋಯಿತು.

"ಇವರೆಲ್ಲಿ?"

"ಅಮ್ಮ, ನಾನೇ ಕತ್ತರಿಸ್ಬಿಟ್ಟೆ." ಅವನು ನೆಲ ನೋಡುತ್ತಿದ್ದ. "ಪ್ರತಿಬಿಂಬ ಕಾಣಬಾರ್ದು ಅಂತ. ನಿನ್ನೆ ಸಾರ್ ನೋಡಿದ್ರು. ನಂಗೇನೂ ಅನ್ಲಿಲ್ಲ."

ಹೇಮಶ್ರೀ ಬಾಯಿಗೆ ಸೆರಗಿಟ್ಟುಕೊಂಡಳು. ನೀಲಗಂಗಮ್ಮ ಅಳಲಿಲ್ಲ. ಗಂಡನ ಮುಖವನ್ನೇ ನೋಡಿದರು.

"ಸುಳ್ಳು ಹೇಳಿದ್ರಾ ನಂಗೆ?" ಎಂದು ಮೆಲ್ಲಗೆ ಕೇಳಿ, ಅವರು ಉತ್ತರ ಕೊಡುವಷ್ಟು ಹೊತ್ತು ಕಾದರು.

ಆಮೇಲೆ ಯಾರಿಗೆಂದು ಅಲ್ಲದೆ ಹೇಳತೊಡಗಿದರು. "ಹೊಸಾ ಕ್ಯಾಮೆರಾ. ಲೆನ್ಸಿನ ಮುಚ್ಚಳಾನೇ ತೆಗೀದೆ ಐದು ಸಲ ಕ್ಲಿಕ್ ಮಾಡಿದ್ರು. ಕನ್ನಡೀಲಿ ನೋಡಿ ನಾನು ಹೇಳ್ದೆ. ಮುಚ್ಚಳ ಕಿತ್ತಿದ್ದೇ ಅವರಿಗೂ ನಗು ತಡೀಲಿಲ್ಲ. ಕಣ್ಣಿಗೆ ಹಿಡಿಯೋದೂ ಮರ್ತು ಎದೆ ಹತ್ರಾನೇ ಒತ್ತಿಬಿಟ್ರು. ಅದಕ್ಕೇ ಮುಖ ಬಂದಿದ್ದು."

"ಹೊತ್ತಾಯ್ತಮ್ಮ," ಎಂದರು ಅಯ್ಯನವರು.

ನೀಲಗಂಗಮ್ಮ ಎದ್ದರು. ಫ್ರೇಮನ್ನು ತಾವೇ ಎತ್ತಿಕೊಂಡು ಗಂಡನ ಪಕ್ಕದ ಮಣೆಯ ಮೇಲೆ ನಿಲ್ಲಿಸಿದರು. ದೂರ ನಿಂತು ನೋಡಿದರು. ಸರಿಯಾಗಲಿಲ್ಲ. ಹೋಗಿ ಸ್ವಲ್ಪ ಸರಿಸಿ, ಫ್ರೇಮಿನ ಬಲಬದಿ ಗಂಡನ ತೋಳಿಗೆ ತಾಗುವಂತೆ ಇಟ್ಟರು. ಈಗ ಚಿತ್ರದೊಳಗಿನ ಹೆಂಗಸು ನೋಡಿ ನಗುತ್ತಿದ್ದದ್ದು ಅವರನ್ನೇ.

"ತೆಗೀರಿ," ಎಂದರು ಅಮರೇಶನಿಗೆ.

ಅವನು ಚೀಲದಿಂದ ಕ್ಯಾಮೆರಾ ತೆಗೆದು ಕಣ್ಣಿಗೆ ಹಿಡಿದ. ಇಬ್ಬರೂ ಒಂದೇ ಚೌಕಟ್ಟಿಗೆ ಬಂದರು. ಫ್ರೇಮಿನ ಗಾಜಿನಲ್ಲಿ, ಆ ಹೆಂಗಸಿನ ನಗುವಿನ ಮೇಲೆಯೇ, ಕ್ಯಾಮೆರಾ ಹಿಡಿದ ಅವನೂ ಇದ್ದ. ಒಂದು ಹೆಜ್ಜೆ ಬದಿಗೆ ಸರಿದ. ಇನ್ನೂ ಇದ್ದ. ಬಗ್ಗಿದ. ಆಗಲೂ ಇದ್ದ.

"ಪರವಾಗಿಲ್ಲ," ಎಂದರು ನೀಲಗಂಗಮ್ಮ. "ಒತ್ತಿ."