ಹೂವಿಗೊಂದು ಸೊಳ್ಳೆಪರದೆ

ಉಮಾಶ್ರೀ ನಿಂಬೆ ಬಣ್ಣದ ಹೂವಿನಿಂದ ಒಂದೊಂದೇ ಎಸಳು ಬಿಡಿಸಿ, ಒದ್ದೆ ಬಟ್ಟೆ ಹಾಸಿದ ಸ್ಟೀಲ್ ಡಬ್ಬಿಗೆ ಹಾಕುತ್ತಿದ್ದಳು. ಎದುರಿಗೆ ಕೂತ ಸೋದರತ್ತೆ ಸುಗಲಮ್ಮನೂ ಅದನ್ನೇ ಮಾಡುತ್ತಿದ್ದಳು. ಇಬ್ಬರ ಬಾಯಿಯೂ ಮುಚ್ಚಿತ್ತು. ತಿನ್ನುವ ಪದಾರ್ಥದ ಮೇಲೆ ಮಾತಾಡಿದರೆ ಉಗುಳು ಹಾರುತ್ತದೆ ಎಂಬುದು ಸುಗಲಮ್ಮನ ಕಟ್ಟಳೆ. ಮಾತಿಗೆ ಮೊದಲೇ ಹಿಂಜರಿಯುವ ಉಮಾಶ್ರೀಗೆ ಈ ಕಟ್ಟಳೆ ಬಹಳ ಹಿಡಿಸಿತ್ತು. ಇವತ್ತು ಮಾತ್ರ ಹೇಳಲೇಬೇಕಾದ ಮಾತೊಂದಕ್ಕೆ ಅದು ಅಡ್ಡ ನಿಂತಿತ್ತು.

ತೆಲುಗು ಸೀಮೆಯ ಲಿಂಗಂಪಲ್ಲಿಯಲ್ಲಿ ಅವರಿದ್ದ ಆ ಖಾಲಿ ಜಾಗವನ್ನು ಕಾಯುವುದು ಸುಗಲಮ್ಮನ ಗಂಡ ಬೂದೆಪ್ಪನ ಕೆಲಸ. ಸುತ್ತಲೂ ಗಾಜಿನ ಕಟ್ಟಡಗಳು ಏಳುತ್ತಿದ್ದವು. ತನ್ನ ಸರದಿ ಬರುವವರೆಗೆ ಈ ಜಾಗ ಸುಮ್ಮನೆ ಬಿದ್ದಿತ್ತು. ಏಳನೆಯ ಇಯತ್ತೆಗೇ ಶಾಲೆ ಬಿಟ್ಟ ಉಮಾಶ್ರೀ ರಾಯಚೂರು ಕಡೆಯಿಂದ ಬಂದು, ಅವರ ತಗಡಿನ ಶೆಡ್ಡಿನಲ್ಲಿದ್ದುಕೊಂಡು, ಪಕ್ಕದ ಕಟ್ಟಡಕ್ಕೆ ಎರಡು ವರ್ಷ ಇಟ್ಟಿಗೆ ಹೊತ್ತಿದ್ದಳು. ಕಳೆದ ಮಳೆಗಾಲದಲ್ಲಿ, ಆಚೆಯ ಕಂಪನಿಯ ಕ್ಯಾಂಟೀನ್ ನೋಡಿಕೊಳ್ಳುವ ನಲಿನಿ ಮೇಡಂ ಶೆಡ್ಡಿನ ಮುಂದಿನ ಚೆಂಡುಹೂ ಕಂಡು ನಿಂತರು. ಮಾರನೆಯ ದಿನ ಕಾಸ್ಮಾಸ್ ಎಂಬ ನಿಂಬೆ ಬಣ್ಣದ ಹೂವಿನ ಬೀಜದ ಪೊಟ್ಟಣ ತಂದರು. ಮೇಜಿನ ಮೇಲಿಡಲು ಉದ್ದ ಕಡ್ಡಿಯ ಹೂ ಬೇಕು, ಹಸಿ ತರಕಾರಿಯ ಮೇಲೆ ಉದುರಿಸಲು ಎಸಳು ಬೇಕು, ಔಷಧಿ ಹೊಡೆಯಬಾರದು ಎಂದು ತೆಲುಗಿನಲ್ಲಿ ಹೇಳಿದರು. ಈ ಬಣ್ಣದ್ದು ಇಲ್ಲಿ ಸಿಗುವುದಿಲ್ಲ, ಮುಂದಿನ ಬಿತ್ತನೆಗೆ ಬೀಜ ನೀವೇ ಉಳಿಸಿಕೊಳ್ಳಬೇಕು ಎಂದೂ ಹೇಳಿದರು. ಅಂದು ಉಮಾಶ್ರೀಯ ತಲೆಯಿಂದ ಇಟ್ಟಿಗೆ ಇಳಿಯಿತು.

ಮಂದಿ ಹೂ ತಿನ್ನುವ ಸುದ್ದಿಯನ್ನು ಬೂದೆಪ್ಪ ಲೇಬರ್ ಶೆಡ್ಡುಗಳಿಗೆಲ್ಲ ನಕ್ಕು ನಕ್ಕು ಹಂಚಿದ. ಸುಗಲಮ್ಮ ನಗಲಿಲ್ಲ. ತಿನ್ನುವುದಾದರೆ ಅದೂ ಅಡುಗೆಯೇ. ಹೂ ಬಿಟ್ಟ ದಿನವೇ ಜೇನುಹುಳ ಮುತ್ತಿದ್ದು ನೋಡಿ ಅವಳ ಜೀವವೇ ಹೋದಂತಾಯಿತು. ಹುಳ ಬಾಯಿಟ್ಟದ್ದು ಎಂಜಲು. ಎಂಜಲು ಕೊಟ್ಟ ಪಾಪ ಯಾರು ಹೊರಬೇಕು? ಮನೆಯಲ್ಲಿದ್ದ ಎರಡೂ ಸೊಳ್ಳೆಪರದೆ ತಂದು, ಕೋಲು ನೆಟ್ಟು, ಹೂ ಬಿತ್ತಿದ್ದ ಎರಡೂ ಪಾತಿಗಳಿಗೆ ಕಟ್ಟಿಬಿಟ್ಟಳು.

"ಹೂವಿಗೆ ಪರದಿ, ನಮಗ ಸೊಳ್ಳಿ," ಎಂದು ಬೂದೆಪ್ಪ ದಿನಾ ಬೆಳಗ್ಗೆ ಮೊಣಕೈ ಕೆರೆದುಕೊಳ್ಳುತ್ತಿದ್ದ. "ಮುಂದಿನ ಜನ್ಮಕ್ಕ ನಾ ನಿನ್ನ ಪಾತಿಯಾಗ ಹುಟ್ಟತೀನಿ ನೋಡು."

"ಹುಟ್ಟರಿ. ಕಸ ಅಂತ ಕಿತ್ತು ಒಗಿತೀನಿ."

ಬೀಜಕ್ಕೆಂದು ಬಿಟ್ಟ ಹೂಗಳು ಈಗ ಒಣಗಿದ್ದವು. ನಾಲ್ಕು ದಿನದಿಂದ ಉಮಾಶ್ರೀ ಅವನ್ನು ತಿಕ್ಕಿ ತಿಕ್ಕಿ ನೋಡುತ್ತಿದ್ದಳು. ಬರೀ ಹೊಟ್ಟು. ನೀರಿನ ಡ್ರಮ್ಮಿನ ಹತ್ತಿರ, ಚೆಲ್ಲಿದ ಬೀಜದಿಂದ ಎದ್ದ ನಾಲ್ಕಾರು ಗಿಡಗಳಿಗೆ ಪರದೆ ಇರಲಿಲ್ಲ. ದಿನವಿಡೀ ಜೇನು ಕೂತೆದ್ದು ಅವು ಸೂಜಿಯಂಥ ಕಪ್ಪು ಬೀಜ ಕಟ್ಟಿದ್ದವು. ಊರಲ್ಲಿ ಸೂರ್ಯಕಾಂತಿಗೆ ಜೇನು ಬಾರದ ವರ್ಷ ಕಾಳು ಕಟ್ಟಲೆಂದು ಅವ್ವ ಕೈಗೆ ಬಟ್ಟೆ ಸುತ್ತಿಕೊಂಡು ಹೂವಿಂದ ಹೂವಿಗೆ ಸವರುತ್ತ ಹೋಗುತ್ತಿದ್ದದ್ದು ಅವಳಿಗೆ ನೆನಪಿತ್ತು. ಹೇಳಿದರೆ ಅನ್ನ ಹಾಕಿದ ಅತ್ತೆಗೆ ಎದುರಾಡಿದಂತೆ. ಹೇಳದಿದ್ದರೆ ಬರುವ ಮಳೆಗಾಲಕ್ಕೆ ಮತ್ತೆ ಇಟ್ಟಿಗೆ.

"ಅತ್ತಿ, ಕೈ ಚಾಚ್ರಿ."

ಸುಗಲಮ್ಮ ಗಾಬರಿಯಾಗಿ ಡಬ್ಬಿಯ ಮೇಲೆ ಸೆರಗು ಎಳೆದಳು. ಆಮೇಲೆ ಎರಡೂ ಅಂಗೈ ಚಾಚಿದಳು. ಉಮಾಶ್ರೀ ಸೊಂಟಕ್ಕೆ ಸಿಕ್ಕಿಸಿದ್ದ ಎರಡು ಕಾಗದದ ಪೊಟ್ಟಣ ಬಿಚ್ಚಿ ಒಂದೊಂದು ಕೈಗೆ ಸುರಿದಳು.

"ಇದು ಪರದಿ ಒಳಗಿಂದು. ಇದು ಡ್ರಮ್ಮಿನ ಕಡಿಂದು."

ಮೂವತ್ತು ವರ್ಷ ಜೋಳ ಕೇರಿದ ಕೈಗೆ ಬೇರೆ ಮಾತು ಬೇಕಿರಲಿಲ್ಲ. ಆದರೂ ಸುಗಲಮ್ಮ ಒಮ್ಮೆ ಉಫ್ ಎಂದು ಊದಿದಳು. ಒಂದು ಅಂಗೈ ಖಾಲಿಯಾಯಿತು.

"ಜೊಳ್ಳು," ಎಂದಳು. ಬೀಜ ಉಳಿದ ಅಂಗೈ ಮುಚ್ಚಿಕೊಂಡು, "ಎಷ್ಟು ದಿನದಿಂದ ಗೊತ್ತಿತ್ತು ನಿನಗ?"

"ನಾಕು ದಿನ."

"ನಾಕು ದಿನ ಬಾಯಾಗ ಏನ್ ಇಟಗೊಂಡಿದ್ದಿ?"

"ನಿಮ್ಮ ಕಟ್ಟಳಿ, ಅತ್ತಿ."

ಬಾಗಿಲಲ್ಲಿ ಚಹಾ ಕುಡಿಯುತ್ತಿದ್ದ ಬೂದೆಪ್ಪನಿಗೆ ನಗು ಉಕ್ಕಿ ಚಹಾ ಮೂಗಿಗೆ ಏರಿತು. ಅವನ ಕೆಮ್ಮು ನಿಲ್ಲುವವರೆಗೆ ಸುಗಲಮ್ಮ ಮುಖ ಗಂಟಿಕ್ಕಿಕೊಂಡೇ ಇದ್ದಳು. ಆಮೇಲೆ ಅವಳಿಗೂ ತಡೆಯಲಾಗಲಿಲ್ಲ. ಇನ್ನೂ ಮೊಗ್ಗು ಭಾಳ ಅದಾವ, ಪರದಿ ತೆಗೆದರ ಬೀಜ ಕಟ್ಟತಾವ ಎಂದು ಉಮಾಶ್ರೀ ಮೆಲ್ಲಗೆ ಸೇರಿಸಿದಳು.

ಆದರೆ ಎಂಜಲಿನ ಮಾತನ್ನು ಸುಗಲಮ್ಮ ಬಿಟ್ಟುಕೊಡಲಿಲ್ಲ. ಒಂದು ಪಾತಿ ಮಂದಿಗೆ, ಒಂದು ಪಾತಿ ಹುಳಕ್ಕೆ ಎಂದು ತೀರ್ಪು ಕೊಟ್ಟಳು. ಬಿಚ್ಚಿದ ಪರದೆಯನ್ನು ಬೂದೆಪ್ಪ ಒಗೆಯಲೂ ಬಿಡಲಿಲ್ಲ. ಮಧ್ಯಾಹ್ನವೇ ಕಟ್ಟಿಕೊಂಡು ಒಳಗೆ ಮಲಗಿದ.

ಮಾರನೆಯ ಬೆಳಗ್ಗೆ, ಯಾರೂ ತಿನ್ನದ ಮೇಜಿನ ಹೂವಿಗೆಂದು ಸುಗಲಮ್ಮ ಕತ್ತರಿ ಹಿಡಿದು ತೆರೆದ ಪಾತಿಗೆ ಹೋದಳು. ಪಾತಿಯೆಲ್ಲ ಗುಂಯ್ ಎನ್ನುತ್ತಿತ್ತು. ಉಮಾಶ್ರೀ ಹಿಂದೆಯೇ ಬಕೆಟ್ ಹಿಡಿದು ನಿಂತಳು. ಎಲ್ಲಕ್ಕಿಂತ ಎತ್ತರದ ಹೂವಿನ ನಡುವೆ ಒಂದು ಜೇನುಹುಳ ತಲೆ ಹುದುಗಿಸಿ ಕೂತಿತ್ತು. ಕಾಲಿಗೆಲ್ಲ ಹಳದಿ ಪುಡಿ. ಸುಗಲಮ್ಮ ಕತ್ತರಿ ತೆರೆದವಳು ಹಾಗೇ ತಡೆದಳು. ಸೆರಗಿನಿಂದ ಬಾಯಿ ಮುಚ್ಚಿಕೊಂಡು ಬಗ್ಗಿದಳು.

"ಒಂಚೂರು ಸರೀರಿ ತಾಯಿ, ಇದೊಂದು ಕೊಯ್ಕೋತೀನಿ."